ಮೊದಲು ಎಸ್‌ಎಂಪಿಎಸ್, ಆಮೇಲೆ ಬಣ್ಣದ ಲೈಟು

ಮಕ್ಕಳೇ, ನೀವು ಮೂವರೂ ಕಳಿಸಿದ ಪಟ್ಟಿ ನೋಡಿದೆ. ಗುಬ್ಬಿಯವನದು, ಕುಣಿಗಲ್‌ನವಳದು, ಇಲ್ಲೇ ತುಮಕೂರಿನಲ್ಲಿ ಎಸ್‌ಐಟಿ ಕಾಲೇಜಿನ ಹತ್ತಿರ ರೂಮು ಮಾಡಿಕೊಂಡಿರುವವನದು. ಗ್ರಾಫಿಕ್ಸ್ ಕಾರ್ಡು ಯಾವುದು, ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಅಂತ ಅಳೆದು ಸುರಿದು ಬರೆದಿದ್ದೀರಿ. ಕೊನೆಯ ಸಾಲಿಗೆ ಬಂದಾಗ ಮಾತ್ರ ಮೂವರದೂ ಒಂದೇ ಮಾತು: ‘ಎಸ್‌ಎಂಪಿಎಸ್ ಯಾವುದಾದರೂ ಆದೀತು, ಕ್ಯಾಬಿನೆಟ್ ಜೊತೆ ಬರುವುದೇ ಸಾಕು.’ ಆ ಒಂದು ಸಾಲು ನೋಡಿದ್ದಕ್ಕೇ ನಿಮ್ಮ ದೊಡ್ಡಪ್ಪ ಇಷ್ಟುದ್ದ ಬರೆಯಲು ಕೂತಿದ್ದಾನೆ.

ಆಟಕ್ಕೆ ನನ್ನ ಅಡ್ಡಿಯಿಲ್ಲ. ಸಂತೋಷವಾಗಿ ಆಡಿ. ಅದೇ ಪೆಟ್ಟಿಗೆಯಲ್ಲಿ ನಾಳೆ ಪ್ರಾಜೆಕ್ಟು ಮಾಡುತ್ತೀರಿ, ಆನಿಮೇಷನ್ ಕಲಿಯುತ್ತೀರಿ. ಆದರೆ ಅದಕ್ಕೆ ಸುರಿಯುತ್ತಿರುವ ಎಪ್ಪತ್ತು ಎಂಬತ್ತು ಸಾವಿರ ಸುಮ್ಮನೆ ಬಂದದ್ದಲ್ಲ. ಗುಬ್ಬಿಯಲ್ಲಿ ಅದು ಕಾಯಿ ಕೆಡವಿ ಮಾರಿದ ದುಡ್ಡು, ಕುಣಿಗಲ್‌ನಲ್ಲಿ ಅಮ್ಮ ಎತ್ತಿದ ಚೀಟಿಯ ದುಡ್ಡು, ತುಮಕೂರಿನವನು ಸಂಜೆ ಕೆಲಸ ಮಾಡಿ ಕೂಡಿಟ್ಟದ್ದು. ಅಷ್ಟೂ ದುಡ್ಡಿನ ಸಾಮಾನು ಬದುಕುವುದು ಎಸ್‌ಎಂಪಿಎಸ್ ಕೊಡುವ 12 ವೋಲ್ಟಿನ ಮೇಲೆ. ಗೋಡೆಯಿಂದ ಬರುವ 230 ವೋಲ್ಟಿನ ಎಸಿ ಕರೆಂಟನ್ನು 12, 5, 3.3 ವೋಲ್ಟಿನ ಡಿಸಿಗೆ ಇಳಿಸಿ ಹಂಚುವುದು ಅದರ ಕೆಲಸ. ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಮದರ್‌ಬೋರ್ಡು, ಕಾರ್ಡು, ಡಿಸ್ಕು ಎಲ್ಲವನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು.

ಇದನ್ನು ಆರಿಸುವಾಗ ಅಮೆರಿಕದವರ ವಿಡಿಯೋ ನೋಡಿ ಆರಿಸಬೇಡಿ. ಅವರ ಗೋಡೆಯಲ್ಲಿ ಇರುವುದೇ 120 ವೋಲ್ಟು. ನಿಮ್ಮ ಮನೆಗೆ ಬರುವ ಲೈನು ಹೇಗಿದೆ ಎಂದು ಮೊದಲು ತಿಳಿದುಕೊಂಡು, ಅದಕ್ಕೆ ತಕ್ಕ ಎಸ್‌ಎಂಪಿಎಸ್ ಆರಿಸಿ. ಉಳಿದ ದುಡ್ಡಿನಲ್ಲಿ ಬಾಕಿ ಪಟ್ಟಿ ಮಾಡಿ. ನಾನು ಹೇಳಬೇಕಾಗಿರುವುದು ಇಷ್ಟೇ; ಮುಂದಿನದೆಲ್ಲ ಅದನ್ನು ಮಾಡುವ ದಾರಿ.

ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಹಾಗಿದ್ದೂ ಸಂಜೆ ನಿಮ್ಮ ಮನೆಯ ಬಲ್ಬು ಮಂಕಾಗುವುದು ಯಾಕೆ? ಎಷ್ಟು ಕರೆಂಟು ತಯಾರಾಗುತ್ತದೆ ಎನ್ನುವುದು ಬೇರೆ, ನಿಮ್ಮ ಮನೆಯ ಪ್ಲಗ್ಗಿಗೆ ಅದು ಹೇಗೆ ಬಂದು ಮುಟ್ಟುತ್ತದೆ ಎನ್ನುವುದು ಬೇರೆ. ಹೇಮಾವತಿ ನಾಲೆಯ ನೀರು ಗುಬ್ಬಿ ದಾಟಿ ಕುಣಿಗಲ್ ಕಡೆಯ ಕೊನೆಗೆ ಬರುವಷ್ಟರಲ್ಲಿ ಏನಾಗುತ್ತದೆ ಎಂದು ನಿಮ್ಮ ಅಪ್ಪಂದಿರಿಗೆ ಗೊತ್ತು. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರದ ಕಂಬದ ಮನೆಗೂ ವೋಲ್ಟೇಜು ಹಾಗೆಯೇ ಸೋರಿ ಬರುತ್ತದೆ. ತಂತಿ ಉದ್ದವಾದಷ್ಟೂ, ಅದರ ಮೇಲಿನ ಲೋಡು ಏರಿದಷ್ಟೂ ಕೊನೆಯಲ್ಲಿ ಸಿಗುವ ವೋಲ್ಟೇಜು ಕಡಿಮೆ. ಪಂಪ್‌ಸೆಟ್ಟಿನ ಮೋಟರು ಸ್ಟಾರ್ಟ್ ಆಗುವ ಗಳಿಗೆಯಲ್ಲಂತೂ ಅದು ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಡಿಜಿಟಲ್ ವೋಲ್ಟ್‌ಮೀಟರ್ ತಂದು ಕಂಪ್ಯೂಟರ್ ಇಡುವ ಜಾಗದ ಪ್ಲಗ್ಗಿಗೇ ಹಾಕಿ. ಪ್ಲಗ್ಗಿಗೆ ನೇರ ಚುಚ್ಚುವಂಥದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಬೆಳಿಗ್ಗೆ, ಮಟಮಟ ಮಧ್ಯಾಹ್ನ, ಸಂಜೆ ಏಳು ಗಂಟೆ, ನೀವು ಆಡುವ ರಾತ್ರಿ ಹೊತ್ತು ಎಷ್ಟಿರುತ್ತದೆ ಎಂದು ಒಂದು ವಾರ ಬರೆದಿಡಿ. ಗುಬ್ಬಿಯವನೇ, ನಿಮ್ಮದು ತೋಟದ ಮನೆ. ಪಂಪ್‌ಸೆಟ್ ಲೈನಿನಿಂದಲೇ ಮನೆಗೂ ಕರೆಂಟು ಬರುತ್ತಿದೆಯೋ, ಊರಿನ ಲೈನಿನಿಂದ ಬರುತ್ತಿದೆಯೋ ಲೈನ್‌ಮನ್‌ನನ್ನು ಕೇಳು. ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ, ಅಕ್ಕಪಕ್ಕದ ಅಡಿಕೆ ತೋಟದವರೆಲ್ಲ ಒಟ್ಟಿಗೆ ಮೋಟರು ಹಾಕಿದಾಗ ಮೀಟರು ನೋಡು. ಕುಣಿಗಲ್‌ನ ಮಗಳೇ, ನಿಮ್ಮ ಬೀದಿಯ ಕೊನೆಯಲ್ಲಿ ವೆಲ್ಡಿಂಗ್ ಅಂಗಡಿ ಇದೆ. ಅವರು ಕೆಲಸ ಮಾಡುವಾಗ ನಿನ್ನ ಮೀಟರಿನ ಅಂಕಿ ಹಾರುತ್ತದೆಯೇ ನೋಡಮ್ಮ. ತುಮಕೂರಿನವನ ಕಷ್ಟ ಬೇರೆ. ಲೈನು ಚೆನ್ನಾಗಿರಬಹುದು, ಆದರೆ ನಾಲ್ಕು ರೂಮಿಗೆ ಒಂದೇ ವೈರಿಂಗು, ಪಕ್ಕದ ರೂಮಿನಲ್ಲಿ ನೀರು ಕಾಯಿಸುವ ಕಾಯಿಲು, ನೀನು ನೇತು ಹಾಕಿಕೊಂಡಿರುವ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸು.

ವೋಲ್ಟೇಜು ಇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ. ಆಟ ಆಡುವಾಗ ನಿಮ್ಮ ಪೆಟ್ಟಿಗೆ ಗೋಡೆಯಿಂದ 340 ವಾಟ್ ಎಳೆಯುತ್ತದೆ ಎಂದುಕೊಳ್ಳಿ. 230 ವೋಲ್ಟ್ ಇದ್ದರೆ ಅದು ಒಂದೂವರೆ ಆಂಪಿಯರ್. ಲೈನು 170ಕ್ಕೆ ಬಿದ್ದರೂ ಕಂಪ್ಯೂಟರಿಗೆ ಬೇಕಾದ ಶಕ್ತಿ ಅಷ್ಟೇ ಇರುವುದರಿಂದ ಎಸ್‌ಎಂಪಿಎಸ್ ಎರಡು ಆಂಪಿಯರ್ ಎಳೆದುಕೊಳ್ಳುತ್ತದೆ. ಒಳಬರುವ ಕಡೆಯ ವೈರು, ಕಾಯಿಲುಗಳಲ್ಲಿ ಬಿಸಿ ಏರುವುದು ಆಂಪಿಯರಿನ ವರ್ಗದ ಲೆಕ್ಕದಲ್ಲಿ, ಅಂದರೆ ಹೆಚ್ಚೂಕಡಿಮೆ ಒಂದೂಮುಕ್ಕಾಲು ಪಟ್ಟು. ಬಲ್ಬು ಮಂಕಾಗಿ ತನ್ನನ್ನು ಉಳಿಸಿಕೊಳ್ಳುತ್ತದೆ, ಎಸ್‌ಎಂಪಿಎಸ್ ಹಾಗಲ್ಲ. ಅದಕ್ಕೇ ನೀವು ಕೊಳ್ಳುವ ಪೆಟ್ಟಿಗೆಯ ಲೇಬಲ್ಲಿನಲ್ಲಿ ಇನ್‌ಪುಟ್ ಎಂದಿರುವ ಕಡೆ 100–240 ವೋಲ್ಟ್ ಎಂದು ಇರಬೇಕು, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟು) ಇರಬೇಕು. ಹಿಂಭಾಗದಲ್ಲಿ 115, 230 ಎಂದು ಬರೆದ ಕೆಂಪು ಸ್ವಿಚ್ಚಿರುವ ಹಳೆ ರೀತಿಯದನ್ನು ಅಂಗಡಿಯವನು ಬಿಟ್ಟಿ ಕೊಟ್ಟರೂ ಬೇಡ. ಆ ಸ್ವಿಚ್ಚು ತಪ್ಪಿ 115ರ ಕಡೆ ಇದ್ದಾಗ ನಮ್ಮ ಕರೆಂಟು ಕೊಟ್ಟರೆ ಢಂ ಎನ್ನುವುದೇ. ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್ ಇದ್ದರೆ ಬೇರೆ ಸ್ಟೆಬಿಲೈಸರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆ ದುಡ್ಡನ್ನು ಎಸ್‌ಎಂಪಿಎಸ್‌ಗೇ ಹಾಕಿ.

ವೋಲ್ಟೇಜು ಏರುವುದು ಇನ್ನೂ ಕೆಟ್ಟದ್ದು. ಗಾಳಿ ಮಳೆಗೆ ನ್ಯೂಟ್ರಲ್ ಕಟ್ಟಾಗಿ ಒಂದು ಸಾಲು ಮನೆಗಳ ಟಿವಿ, ಫ್ಯಾನು ಸುಟ್ಟದ್ದನ್ನು ನೀವೆಲ್ಲ ಕೇಳಿದ್ದೀರಿ. ಆಗ ಪ್ಲಗ್ಗಿನಲ್ಲಿ 230ರ ಬದಲು 400 ವೋಲ್ಟಿನ ಹತ್ತಿರದವರೆಗೂ ಬರಬಹುದು. 230 ವೋಲ್ಟ್ ಎಸಿಯ ತುದಿ ಸುಮಾರು 325 ವೋಲ್ಟ್; ಎಸ್‌ಎಂಪಿಎಸ್ ಒಳಗಿನ ದೊಡ್ಡ ಕಪ್ಯಾಸಿಟರ್ 400ರಿಂದ 450 ವೋಲ್ಟ್ ತಡೆಯುವಂಥದು. 400 ವೋಲ್ಟ್ ಎಸಿ ಬಂದರೆ ಅದರ ತುದಿ 565. ಯಾವ ಕಂಪನಿಯದೂ ಅದನ್ನು ಹೆಚ್ಚು ಹೊತ್ತು ತಾಳುವುದಿಲ್ಲ. ಸ್ಪೈಕ್ ಬಸ್ಟರ್ ಎಂದು ಮಾರುವ ಎಕ್ಸ್‌ಟೆನ್ಷನ್ನು ಕ್ಷಣಮಾತ್ರದ ಏರಿಕೆಗೆ ಆದೀತು, ಇದಕ್ಕೆ ಆಗದು. ಮೀಟರಿನ ಹತ್ತಿರದ ಬೋರ್ಡಿನಲ್ಲಿ ಹೆಚ್ಚು-ಕಡಿಮೆ ವೋಲ್ಟೇಜಿಗೆ ತಾನೇ ಕಟ್ ಮಾಡುವ ಕಟ್-ಆಫ್ ಸಾಧನವೊಂದನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದರೆ ಫ್ರಿಜ್ಜೂ ಉಳಿಯುತ್ತದೆ, ಕಂಪ್ಯೂಟರೂ ಉಳಿಯುತ್ತದೆ. ಗುಬ್ಬಿ ಮನೆಗೆ ಇದನ್ನು ಮಾಡಿಸಲೇಬೇಕು, ಅಪ್ಪನಿಗೆ ನಾನೇ ಹೇಳುತ್ತೇನೆ. ಏಪ್ರಿಲ್ ಮೇ ತಿಂಗಳಿನ ಗುಡುಗು ಮಳೆಯಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಇಂಟರ್ನೆಟ್ಟಿನ ವೈರನ್ನೂ ಕೀಳಿ.

ಇನ್ನು ಅರ್ತಿಂಗ್. ಬಾಡಿಗೆ ರೂಮುಗಳಲ್ಲಿ ಮೂರು ಪಿನ್ನಿನ ಪ್ಲಗ್ಗಿಗೆ ಅರ್ತ್ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಹುಡುಗರು ಹೇಳುತ್ತಾರಲ್ಲ, ಅದಕ್ಕೆ ಇದೇ ಕಾರಣ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನ ಎರಡು ಪುಟ್ಟ ಕಪ್ಯಾಸಿಟರುಗಳು ಫೇಸ್, ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಜೋಡಣೆಯಾಗಿರುತ್ತವೆ. ಅರ್ತ್ ಇದ್ದರೆ ಆ ಸಣ್ಣ ಸೋರಿಕೆ ನೆಲಕ್ಕೆ ಇಳಿದು ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೇಲೆ 115 ವೋಲ್ಟಿನ ಆಸುಪಾಸು ನಿಂತಿರುತ್ತದೆ. ಆ ಸೋರಿಕೆಯಿಂದ ಪ್ರಾಣಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಒಳಗೆ ನಿಜವಾಗಿ ಫೇಸ್ ತಾಕಿದ ದಿನ ನಿಮ್ಮನ್ನು ಕಾಯಲು ಏನೂ ಇಲ್ಲ ಎಂದು ಅದು ಸಾರುತ್ತಿರುತ್ತದೆ. ಎಲೆಕ್ಟ್ರಿಷಿಯನ್‌ಗೆ ಮಲ್ಟಿಮೀಟರ್ ಹಿಡಿದು ನೋಡಲು ಹೇಳಿ: ಫೇಸ್‌ನಿಂದ ಅರ್ತ್‌ಗೆ 230ರ ಹತ್ತಿರ, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟು ಮಾತ್ರ ಇರಬೇಕು. ಸ್ವಂತ ಮನೆಯಾದರೆ ಇದ್ದಿಲು ಉಪ್ಪು ಹಾಕಿ ಮಾಡಿದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ನಮ್ಮ ಕಡೆಯ ನೆಲ ಬೇಗ ಒಣಗುತ್ತದೆ.

ಈಗ ಅಂಗಡಿಯೊಳಕ್ಕೆ ಹೋಗೋಣ. ದಪ್ಪಕ್ಷರದ 450 ವಾಟ್, 600 ವಾಟ್ ನೋಡಬೇಡಿ. ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ ಕೋಷ್ಟಕದಲ್ಲಿ +12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ, ಅದನ್ನು ಹನ್ನೆರಡರಿಂದ ಗುಣಿಸಿ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕುಡಿಯುವುದು ಬಹುಪಾಲು ಆ 12 ವೋಲ್ಟನ್ನೇ. 550 ವಾಟ್ ಎಂದು ಹೇಳಿಕೊಂಡು 45 ಆಂಪಿಯರ್ ತೋರಿಸಿದರೆ 540 ವಾಟ್ ಬಂತು, ಮಾತಿಗೂ ಲೆಕ್ಕಕ್ಕೂ ತಾಳೆಯಾಯಿತು. 450 ವಾಟ್ ಎಂದು ಬರೆದು 12 ವೋಲ್ಟಿನಲ್ಲಿ 15 ಆಂಪಿಯರ್ ಇದ್ದರೆ ಸಿಕ್ಕಿದ್ದು 180 ವಾಟ್. ಅಂಗಡಿಯಲ್ಲಿ ಬಿಲ್ಲು ಹೊಡೆಯುವ ಕಂಪ್ಯೂಟರಿಗೆ ಅದು ಸಾಕು. ಕ್ಯಾಬಿನೆಟ್ ಜೊತೆ ಬರುವ, ಎಂಟುನೂರು ಸಾವಿರ ರೂಪಾಯಿಗೆ ಸಿಗುವ ಎಸ್‌ಎಂಪಿಎಸ್‌ಗಳು ಹೆಚ್ಚಾಗಿ ಈ ಜಾತಿಯವು. ಇಪ್ಪತ್ತೆಂಟು ಮೂವತ್ತು ಸಾವಿರದ ಕಾರ್ಡನ್ನು ಅದರ ಕೈಗೆ ಕೊಡುತ್ತೀರಾ?

ಎಷ್ಟು ವಾಟ್ ಬೇಕು? ತುಮಕೂರಿನವನ ಪಟ್ಟಿಯನ್ನೇ ತೆಗೆದುಕೊಳ್ಳಿ. ಆರ್‌ಟಿಎಕ್ಸ್ 4060 ಕಾರ್ಡು 115 ವಾಟ್, ಐ5-12400ಎಫ್ ಪ್ರೊಸೆಸರ್ ಮೇಲೇರಿದಾಗ 117 ವಾಟ್, ಬೋರ್ಡು ಡಿಸ್ಕು ಫ್ಯಾನು ಎಲ್ಲ ಸೇರಿ ಐವತ್ತು ಅರವತ್ತು. ಮುನ್ನೂರಕ್ಕೆ ಒಳಗೇ ನಿಂತಿತು. ಕಾರ್ಡು ಮಾಡುವ ಎನ್‌ವಿಡಿಯಾ ಕಂಪನಿ ಇದಕ್ಕೆ 550 ವಾಟಿನ ಎಸ್‌ಎಂಪಿಎಸ್ ಇರಲಿ ಎನ್ನುತ್ತದೆ, 200 ವಾಟಿನ ಆರ್‌ಟಿಎಕ್ಸ್ 4070ಗೆ 650 ಎನ್ನುತ್ತದೆ. ಆ ಅಂತರ ಸುಮ್ಮನೆ ಇಟ್ಟದ್ದಲ್ಲ. ಈಗಿನ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿಗೆ ತಮ್ಮ ಲೆಕ್ಕ ಮೀರಿ ಎಳೆದುಬಿಡುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದನ್ನು ಮನಸ್ಸಿನಲ್ಲಿಟ್ಟೇ, ದೊಡ್ಡ ಕಾರ್ಡಿಗೆ ಶಕ್ತಿ ಕೊಡುವ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ಕಾಲ ತಾಳಬೇಕು ಎಂದು ಕೇಳುತ್ತದೆ. ಒಳ್ಳೆಯ 550 ನಿಮ್ಮಿಬ್ಬರಿಗೆ ಸಾಕು. ಗುಬ್ಬಿಯವನು ಮುಂದೆ ದೊಡ್ಡ ಕಾರ್ಡು ಹಾಕುತ್ತೇನೆ ಎನ್ನುತ್ತಿದ್ದಾನೆ, ಅವನಿಗೆ 650 ಇರಲಿ. ಸಾವಿರ ವಾಟಿನದು ಯಾರಿಗೂ ಬೇಡ.

80 ಪ್ಲಸ್ ಎಂಬ ಮುದ್ರೆಯ ಬಗ್ಗೆ ನೀವು ಮೂವರೂ ಕೇಳಿದ್ದೀರಿ. ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಕೆಲಸಕ್ಕೆ ಬಂತು, ಎಷ್ಟು ಬಿಸಿಯಾಗಿ ಹೋಯಿತು ಎನ್ನುವುದನ್ನು ಮಾತ್ರ ಅದು ಹೇಳುತ್ತದೆ. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಲೋಡಿನಲ್ಲಿ, ಬ್ರಾಂಜ್ ಎಂದರೆ ಶೇ. 85, ಗೋಲ್ಡ್ ಎಂದರೆ ಶೇ. 90. ಇದರಿಂದ ಕರೆಂಟ್ ಬಿಲ್ಲು ಉಳಿಯುತ್ತದೆ ಎನ್ನುವ ಅಂಗಡಿಯವನ ಮಾತನ್ನು ಲೆಕ್ಕ ಹಾಕಿ ನೋಡಿ: 250 ವಾಟ್ ಲೋಡಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡಿದರೆ ಎರಡಕ್ಕೂ ತಿಂಗಳಿಗೆ ಎರಡು ಯೂನಿಟ್ ವ್ಯತ್ಯಾಸ. ಗೋಲ್ಡಿನ ಲಾಭ ಇರುವುದು ಬಿಲ್ಲಿನಲ್ಲಲ್ಲ, ಒಳಗೆ ಬಿಸಿ ಕಡಿಮೆ ಆಗುವುದರಲ್ಲಿ. ಬಿಲ್ಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 340 ವಾಟಿನಂತೆ ದಿನಾ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ ನಲವತ್ತು ಯೂನಿಟ್. ಮನೆಯವರು ಗೃಹಜ್ಯೋತಿಯಲ್ಲಿದ್ದರೆ ಅರ್ಹತೆಗಿಂತ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ.

ಆ ಮುದ್ರೆಗೆ ಪರೀಕ್ಷೆ ನಡೆಸುವುದು 23 ಡಿಗ್ರಿ ಕೋಣೆಯಲ್ಲಿ. ನಮ್ಮ ಏಪ್ರಿಲ್‌ನಲ್ಲಿ ಶೀಟಿನ ಕೆಳಗಿನ ರೂಮಿನ ಕ್ಯಾಬಿನೆಟ್ಟಿನೊಳಗೆ ಎಷ್ಟಿರುತ್ತದೆ ಎಂದು ನಾನು ಹೇಳಬೇಕಿಲ್ಲ. ಕಂಪನಿಯ ವಿವರ ಪತ್ರದಲ್ಲಿ ‘40 ಡಿಗ್ರಿಯಲ್ಲಿ’ ಅಥವಾ ‘50 ಡಿಗ್ರಿಯಲ್ಲಿ ಪೂರ್ಣ ಸಾಮರ್ಥ್ಯ’ ಎಂದು ಬರೆದಿದೆಯೇ ನೋಡಿ, ಐವತ್ತಿದ್ದರೆ ಉತ್ತಮ. ಒಳಗಿನ ಕಪ್ಯಾಸಿಟರುಗಳು 105 ಡಿಗ್ರಿಯವಾಗಿರಲಿ, 85ರದಲ್ಲ. ಎಲೆಕ್ಟ್ರೋಲಿಟಿಕ್ ಕಪ್ಯಾಸಿಟರ್ ಹತ್ತು ಡಿಗ್ರಿ ತಂಪಾಗಿದ್ದರೆ ಅದರ ಆಯುಸ್ಸು ಸುಮಾರು ದುಪ್ಪಟ್ಟು ಎನ್ನುವುದು ಈ ಕೆಲಸದವರ ಲೆಕ್ಕ. ನಿಪ್ಪಾನ್ ಕೆಮಿ-ಕಾನ್, ನಿಚಿಕಾನ್, ರೂಬಿಕಾನ್ ಎಂಬ ಜಪಾನಿನ ಹೆಸರುಗಳನ್ನು ಕಂಪನಿಗಳು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದಕ್ಕೇ.

ಕಾಯುವ ಗುಣ ಬೇರೆಯೇ. ವೋಲ್ಟೇಜು ಹೆಚ್ಚಾದರೆ, ಕರೆಂಟು ಹೆಚ್ಚಾದರೆ, ಲೋಡು ಮೀರಿದರೆ, ಶಾರ್ಟ್ ಆದರೆ, ಬಿಸಿ ಮೀರಿದರೆ ತಾನೇ ಆಫ್ ಆಗುವ ವ್ಯವಸ್ಥೆಗಳವು. ಒವಿಪಿ, ಒಸಿಪಿ, ಒಪಿಪಿ, ಎಸ್‌ಸಿಪಿ, ಒಟಿಪಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಐದೂ ಇರಲಿ, ಒಟಿಪಿಯನ್ನು ಮಾತ್ರ ಹುಡುಕಿ ನೋಡಿ, ಅಗ್ಗದವುಗಳಲ್ಲಿ ಬಿಟ್ಟುಬಿಟ್ಟಿರುತ್ತಾರೆ. ಬರೆದದ್ದು ನಿಜವೋ ಅಲ್ಲವೋ ಗೊತ್ತಾಗುವುದು ಬಿಚ್ಚಿ, ಲೋಡು ಹಾಕಿ ಪರೀಕ್ಷಿಸಿದವರಿಂದ. ಗಿಗಾಬೈಟ್‌ನಂಥ ದೊಡ್ಡ ಕಂಪನಿಯ 750 ಮತ್ತು 850 ವಾಟಿನ ಎರಡು ಮಾದರಿಗಳು ಪರೀಕ್ಷಕರ ಕೈಯಲ್ಲಿ ಸಿಡಿದ ಮೇಲೆ, 2021ರ ಆಗಸ್ಟಿನಲ್ಲಿ ಆ ಕಂಪನಿ ಅವನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಅವಕ್ಕೆ ಗೋಲ್ಡ್ ಮುದ್ರೆಯಿತ್ತು. ಆದ್ದರಿಂದ ಕಂಪನಿಯ ಹೆಸರು ಕೇಳಿ ಕೊಳ್ಳಬೇಡಿ, ಮಾದರಿಯ ಹೆಸರು ಬರೆದುಕೊಂಡು, ಅದೇ ಮಾದರಿಯನ್ನು ಪರೀಕ್ಷಿಸಿದ ವರದಿ ಓದಿ ಕೊಳ್ಳಿ. ಸೈಬೆನೆಟಿಕ್ಸ್ ಎಂಬ ಸಂಸ್ಥೆ ಒಂದೊಂದು ಮಾದರಿಯ ದಕ್ಷತೆಯನ್ನೂ ಶಬ್ದವನ್ನೂ ಅಳೆದು ಪ್ರಕಟಿಸುತ್ತದೆ, ಅಲ್ಲಿಂದ ಶುರು ಮಾಡಿ. ಒಳ್ಳೆಯ ಬ್ರಾಂಜ್ 550 ನಾಲ್ಕೈದು ಸಾವಿರಕ್ಕೆ ಸಿಗುತ್ತದೆ. ಐದು ವರ್ಷಕ್ಕಿಂತ ಕಡಿಮೆ ವಾರಂಟಿಯದನ್ನು ಮುಟ್ಟಬೇಡಿ. ಏಳು, ಹತ್ತು ವರ್ಷ ಕೊಡುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರ್ಡು ಕೊಂಡರೂ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಬೇಡ.

ಕೇಬಲ್ಲಿನ ವಿಷಯದಲ್ಲಿ ಎರಡೇ ಮಾತು. ಬಿಚ್ಚಿ ಹಾಕುವ ಕೇಬಲ್ಲಿನ ಎಸ್‌ಎಂಪಿಎಸ್ ತಂದರೆ, ಅದರದೇ ಕೇಬಲ್ ಬಳಸಿ. ಗೆಳೆಯನ ಬಳಿ ಇರುವ ಬೇರೆ ಕಂಪನಿಯ ಕೇಬಲ್ಲು ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಡಿಸ್ಕು ಒಂದೇ ಸಲಕ್ಕೆ ಹೋಗುತ್ತದೆ. ಕಾರ್ಡಿನ ಕನೆಕ್ಟರನ್ನು ಪೂರ್ತಿ ಒಳಗೆ ಹೋಗುವಂತೆ ಒತ್ತಿ ಕೂರಿಸಿ, ಕನೆಕ್ಟರಿನ ಬುಡದಲ್ಲೇ ಬಗ್ಗಿಸಬೇಡಿ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಹೊಸ ಕನೆಕ್ಟರುಗಳು ಕರಗಿದ ಸುದ್ದಿ ಬಂದಾಗ, ಪೂರ್ತಿ ಕೂರಿಸದೆ ಇದ್ದದ್ದು ಒಂದು ಮುಖ್ಯ ಕಾರಣ ಎಂದು ಎನ್‌ವಿಡಿಯಾ ಹೇಳಿತ್ತು.

ಗುಬ್ಬಿ ಮನೆಯಲ್ಲಿ ಇನ್‌ವರ್ಟರ್ ಇದೆ, ಅದಕ್ಕೇ ಹಾಕುತ್ತೇನೆ ಎಂದಿದ್ದೀಯ. ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ತನ್ನ ಕಪ್ಯಾಸಿಟರಿನಲ್ಲಿ ಉಳಿದದ್ದರಿಂದ ಕಂಪ್ಯೂಟರನ್ನು ನಡೆಸುವುದು ಹದಿನಾರು ಹದಿನೇಳು ಮಿಲಿಸೆಕೆಂಡು ಮಾತ್ರ, ಅದೂ ಒಳ್ಳೆಯದಾದರೆ. ನಮ್ಮ ಎಸಿಯ ಒಂದು ಸುತ್ತೇ 20 ಮಿಲಿಸೆಕೆಂಡು. ಆ ಹದಿನಾರು ಹದಿನೇಳು ಮಿಲಿಸೆಕೆಂಡಿನೊಳಗೆ ಇನ್‌ವರ್ಟರ್ ಎದ್ದು ನಿಲ್ಲಬೇಕು. ಹಿಂಭಾಗದಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ಚು ಇದ್ದರೆ ಅದನ್ನು ಹಾಕು, ಇಲ್ಲವಾದರೆ ಪ್ರತಿ ಸಲವೂ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅದು ಸೈನ್ ವೇವ್ ಇನ್‌ವರ್ಟರೇ ಎಂದೂ ನೋಡಿಕೋ. ಸ್ಕ್ವೇರ್ ವೇವ್ ಆದರೆ ಆಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್‌ಗೆ ಒಗ್ಗದೆ ಗುಂಯ್ ಎನ್ನಬಹುದು, ನಿಂತೇ ಹೋಗಬಹುದು. ಉಳಿದಿಬ್ಬರು ಯುಪಿಎಸ್ ಕೊಳ್ಳುವುದಾದರೆ ವಿಎ ನೋಡಬೇಡಿ, ವಾಟ್ ನೋಡಿ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವಾಟ್. ಮಾನಿಟರೂ ಸೇರಿದರೆ ನಿಮಗೆ ಸಾಲದು, 600 ವಾಟಿನ ಆಸುಪಾಸಿನದು ಬೇಕು.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ತರುತ್ತೀರಿ ಎಂದು ಗೊತ್ತು. ಕುಣಿಗಲ್‌ನಿಂದಾಗಲಿ ತುಮಕೂರಿನಿಂದಾಗಲಿ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸು. ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ, ಶೇ. 18 ಜಿಎಸ್‌ಟಿ ಉಳಿಯಿತು ಎಂದು ಹಿಗ್ಗಬೇಡಿ. ಐದು ವರ್ಷದ ವಾರಂಟಿ ಹೋಯಿತು. ಬಿಲ್ಲಿನಲ್ಲಿ ಮಾದರಿಯ ಪೂರ್ತಿ ಹೆಸರೂ ಸೀರಿಯಲ್ ನಂಬರೂ ಇರಲಿ, ಅದರ ಫೋಟೋ ತೆಗೆದು ನನಗೂ ಕಳಿಸಿ. ರಿಪೇರಿಗೆ ಎಲ್ಲಿ ಕೊಡಬೇಕು ಎಂದು ಕೊಳ್ಳುವ ಮೊದಲೇ ಕೇಳಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲೂ ಆಗದಿದ್ದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಏನೇ ಆದರೂ ಎಸ್‌ಎಂಪಿಎಸ್ ಮುಚ್ಚಳ ನೀವೇ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಆ ದೊಡ್ಡ ಕಪ್ಯಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟು ನಿಂತಿರಬಹುದು. ಧೂಳನ್ನು ಹೊರಗಿನಿಂದಲೇ, ಆಫ್ ಮಾಡಿ, ಬ್ಲೋಯರ್ ಹಿಡಿದು ಆರು ತಿಂಗಳಿಗೊಮ್ಮೆ ಊದಿ ತೆಗೆಯಿರಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಆನ್ ಮಾಡುವುದನ್ನು ಬೆಳಿಗ್ಗೆ ಇಟ್ಟುಕೊಳ್ಳಿ. ಮೂರು ನಾಲ್ಕು ಗಂಟೆ ಭಾರಿ ಆಟವೊಂದನ್ನೇ ಓಡಿಸಿ, ಪ್ಲಗ್ಗು ಬಿಸಿಯಾಯಿತೇ, ಎಸ್‌ಎಂಪಿಎಸ್ ಫ್ಯಾನು ತಿರುಗುತ್ತಿದೆಯೇ, ಸುಟ್ಟ ವಾಸನೆ ಬಂತೇ ನೋಡಿ. ಏನಾದರೂ ಎಡವಟ್ಟಾದರೆ ಅಂಗಡಿ ತೆರೆದಿರುತ್ತದೆ, ಫೋನು ಮಾಡಬಹುದು.